ಮಾಳಿಗೆ ಮೇಲಿನ ಕಿಂಡಿ

ನಮ್ಮ ಕಡೆ ಚಿಮಣಿ ಅಂದ್ರೆ ಹೊಗೆ ಹೋಗುವ ಕೊಳವೆ ಅಲ್ಲ, ದೀಪ. ಸೀಮೆಎಣ್ಣೆಗೆ ಕಲಬುರಗಿ ಹಳ್ಳಿಗಳಲ್ಲಿ ಇವತ್ತಿಗೂ ‘ಚಿಮಣಿ ಎಣ್ಣಿ’ ಅಂತಾರೆ. ಪಕ್ಕದ ಮರಾಠಿಯವರಿಗೆ ಚಿಮಣಿ ಅಂದ್ರೆ ಗುಬ್ಬಿ ಕೂಡ ಹೌದು. 1780ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಎಮೆ ಆರ್ಗಾಂಡ್ ಎಂಬಾತ ದೀಪದ ಬತ್ತಿಯ ಸುತ್ತ ಒಂದು ಕೊಳವೆ ನಿಲ್ಲಿಸಿದ. ಬಿಸಿಗಾಳಿ ಕೊಳವೆಯೊಳಗೆ ಸರ್ರನೆ ಮೇಲೇರಿ, ಕೆಳಗಿನಿಂದ ಹೊಸ ಗಾಳಿ ಎಳೆದುಕೊಂಡು, ಉರಿ ಬೆಳ್ಳಗಾಯ್ತು. ಮುಂದೆ ಗಾಜಿನದಾದ ಆ ಕೊಳವೆಗೂ ಇಂಗ್ಲಿಷರು ಚಿಮ್ನಿ ಅಂತಲೇ ಕರೆದರು. ನಮ್ಮೂರಿಗೆ ಬರುವ ಹೊತ್ತಿಗೆ ಗಾಜು ಒಡೆದು, ಬರೀ ತಗಡಿನ ಬುಡ್ಡಿ ಉಳಿದಿತ್ತು. ಹೆಸರು ಮಾತ್ರ ಹಂಗೇ ಇತ್ತು.

ಹಾಗಾದರೆ ಒಲೆಯ ಹೊಗೆ ಹೋಗುವ ದಾರಿಗೆ ನಾವು ಏನಂತೀವಿ? ಬೆಳಕಿಂಡಿ ಅಂತೀವಿ. ಗವಾಕ್ಷಿ ಅಂತೀವಿ. ಕಲಬುರಗಿಯ ರೋಜಾದ ಹಳೇ ಮನೆಗಳಲ್ಲಿ ರೋಶನ್‌ದಾನ್ ಅಂತಾರೆ. ಈ ಮೂರೂ ಹೆಸರಿನಲ್ಲಿ ಹೊಗೆಯ ಸುದ್ದಿಯೇ ಇಲ್ಲ. ಬೆಳಕಿಂಡಿಯಲ್ಲಿ ಬೆಳಕು, ರೋಶನ್‌ದಾನ್‌ನಲ್ಲೂ ಬೆಳಕು, ಗವಾಕ್ಷಿಯಲ್ಲಿ ಆಕಳ ಕಣ್ಣು. ಇಂಗ್ಲಿಷಿನ ವಿಂಡೋ ಶಬ್ದವೂ ಹಳೇ ನಾರ್ಸ್ ಭಾಷೆಯಲ್ಲಿ ‘ಗಾಳಿಯ ಕಣ್ಣು’ ಆಗಿತ್ತು. ಜನ ಮನೆಗೆ ಒಂದು ಕಣ್ಣು ಇಟ್ಟರು, ಅದರ ಮೂಲಕ ಬೆಳಕು ಒಳಗೆ ಬಂತು, ಹೊಗೆ ಹೊರಗೆ ಹೋಯ್ತು. ದುಡಿಮೆ ಹೊಗೆಯದ್ದು, ಹೆಸರು ಬೆಳಕಿನದ್ದು!

ಈ ಕಿಂಡಿಯ ರಿಪೇರಿಯ ಇತಿಹಾಸ ಬರೆಯಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ಕಿಂಡಿಯ ಇತಿಹಾಸ ಅಲ್ಲ, ಅದರ ರಿಪೇರಿಯ ಇತಿಹಾಸ. ಯಾಕಂದ್ರೆ ಕಟ್ಟಿದವರ ಹೆಸರು ಶಾಸನದಲ್ಲಿರುತ್ತದೆ, ರಿಪೇರಿ ಮಾಡಿದವರ ಹೆಸರು ಎಲ್ಲೂ ಇರಲ್ಲ. ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲೂ ಹಂಗೇ. ಹೊಸದು ಕಟ್ಟಿದವನಿಗೆ ಪ್ರಮೋಷನ್, ಹತ್ತು ವರ್ಷದ ಹಳೇ ಕೋಡು ಬೀಳದಂಗ ಹಿಡಿದುಕೊಂಡವನಿಗೆ ರಾತ್ರಿ ಪಾಳಿ.

ಮೊದಲು ಮನೆ ಹೆಂಗಿರುತ್ತೆ ನೋಡೋಣ. ನಾನು ಹುಟ್ಟಿದ್ದು ಕಮಲಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿನ ಹಳೇ ಮನೆ ಅಂದ್ರೆ ಮಾಳಿಗೆ ಮನೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಪರಸಿ ಕಲ್ಲು, ಅದರ ಮೇಲೆ ಒಂದು ಮೊಳದಷ್ಟು ಮಣ್ಣು. ಹೊರಗೆ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದರೂ ಒಳಗೆ ತಂಪು. ಒಂದರ ಗೋಡೆಗೆ ಇನ್ನೊಂದರ ಗೋಡೆ ಹತ್ತಿಕೊಂಡು ಇಡೀ ಓಣಿ ಒಂದೇ ಮಾಳಿಗೆ. ಸಣ್ಣವರಿದ್ದಾಗ ನಾವು ನೆಲಕ್ಕೆ ಕಾಲಿಡದೆ ಓಣಿಯ ಈ ತುದಿಯಿಂದ ಆ ತುದಿಗೆ ಹೋಗ್ತಿದ್ವಿ. ಗೋಡೆಗಳು ಹತ್ತಿಕೊಂಡಿದ್ದರಿಂದ ಪಕ್ಕಕ್ಕೆ ಕಿಟಕಿ ಇಡೋಕೆ ಜಾಗವೇ ಇಲ್ಲ. ಹಾಗಾಗಿ ಬೆಳಕು, ಗಾಳಿ, ಹೊಗೆ ಮೂರಕ್ಕೂ ದಾರಿ ನೆತ್ತಿಯ ಮೇಲೆ.

ರೋಜಾದ್ದೂ ಇದೇ ಜಾತಿಯ ಕಟ್ಟಡ, ಆದರೆ ಊರು ದೊಡ್ಡದು. ತೈಮೂರ 1398ರಲ್ಲಿ ದಿಲ್ಲಿಯ ಮೇಲೆ ಬಿದ್ದ ಕಾಲಕ್ಕೆ ಅಲ್ಲಿಂದ ಹೊರಟ ಸೂಫಿ ಸಂತ ಖ್ವಾಜಾ ಬಂದೇನವಾಜರು, ಬಹಮನಿ ಸುಲ್ತಾನ ಫಿರೋಜ್ ಶಹಾನ ಕಾಲದಲ್ಲಿ ಕಲಬುರಗಿಗೆ ಬಂದರು. 1422ರಲ್ಲಿ ತೀರಿಕೊಂಡರು. ರೋಜಾ ಅಂದರೆ ಸಮಾಧಿ ಇರುವ ಜಾಗ. ಆ ದರ್ಗಾದ ಸುತ್ತ ಬೆಳೆದದ್ದೇ ಈ ಮೊಹಲ್ಲಾ. ದರ್ಗಾದ ಗುಮ್ಮಟಕ್ಕೆ ಸುಣ್ಣ ಹೊಡೆಯುವವರು, ಗಚ್ಚಿನ ಕೆಲಸದವರು, ಕಲ್ಲು ಕೆತ್ತುವವರು ಅಕ್ಕಪಕ್ಕದ ಓಣಿಗಳಲ್ಲೇ ಸಿಗುತ್ತಿದ್ದರು. ಹಳ್ಳಿಯಲ್ಲಿ ಮಾಳಿಗೆ ಕೆಟ್ಟರೆ ನಮ್ಮ ಮುತ್ಯಾ, ‘ರೋಜಾಕ್ಕ ಹೋಗಿ ಮೇಸ್ತ್ರಿನ ಕರ್ಕೊಂಡ ಬಾ’ ಅಂತಿದ್ದದ್ದು ಅದಕ್ಕೇ. 1871ರಲ್ಲಿ ಮುಂಬೈ ಕಡೆಯ ರೈಲು ಮತ್ತು ಮದ್ರಾಸ್ ಕಡೆಯ ರೈಲು ರಾಯಚೂರಿನಲ್ಲಿ ಕೂಡಿದವು. ಆ ಹಳಿ ನಮ್ಮ ಶಹಾಬಾದದ ಮೇಲೇ ಹಾಯ್ದು ಹೋಗಿದೆ. ಮುಂದೆ ಶಹಾಬಾದದ ಪರಸಿ ಕಲ್ಲು ಊರೂರಿಗೆ ಹೋಯ್ತು. ನೆಲಕ್ಕೆ ಪರಸಿ, ಮಾಳಿಗೆಗೆ ಪರಸಿ, ಗವಾಕ್ಷಿಯ ಮುಚ್ಚಳಕ್ಕೂ ಪರಸಿ.

ಈಗ ರಿಪೇರಿಗೆ ಬರೋಣ. ಮಣ್ಣಿನ ಮಾಳಿಗೆಗೆ ದೊಡ್ಡ ವೈರಿ ನೀರು. ಆ ಮಾಳಿಗೆಯಲ್ಲಿ ನೀವಾಗಿಯೇ ಒಂದು ತೂತು ಕೊರೆದಿದ್ದೀರಿ! ಆದ್ದರಿಂದ ಪ್ರತಿ ವರ್ಷ ಮಿರಗ ಕೂಡುವುದರೊಳಗೆ, ಅಂದರೆ ಜೂನ್ ಮೊದಲ ವಾರದೊಳಗೆ, ಮಾಳಿಗೆ ಹತ್ತಲೇಬೇಕು. ಹುಲ್ಲು ಕೀಳಬೇಕು. ಹಕ್ಕಿ ತಂದು ಹಾಕಿದ ಅರಳಿ ಸಸಿ ಇದ್ದರೆ ಬೇರು ಸಮೇತ ತೆಗೀಬೇಕು. ಬಿರುಕನ್ನು ಇನ್ನಷ್ಟು ಅಗಲ ಮಾಡಿ, ನೀರು ಕುಡಿಸಿ, ಸಗಣಿ-ಹೊಟ್ಟು ಕೂಡಿಸಿದ ಮಣ್ಣು ತುಂಬಬೇಕು. ಆಮೇಲೆ ಸವಳು ಮಣ್ಣು ಹರಡಿ, ನೀರು ಚಿಮುಕಿಸಿ, ಕೊರಡಿನಿಂದ ಬಡಿದು ಗಟ್ಟಿ ಮಾಡಬೇಕು.

ಈ ಸವಳು ಮಣ್ಣಿನ ಕತೆ ನನಗೆ ಬಹಳ ಇಷ್ಟ. ಹೊಲದಲ್ಲಿ ಸವಳು ಬಂದರೆ ರೈತ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತು ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯಲ್ಲ, ಬೆಳೆಯ ಬೇರು ಉಸಿರಾಡಲ್ಲ. ಆದರೆ ಮಾಳಿಗೆಗೆ ಬೇಕಾದದ್ದೇ ಅದು. ಹೊಲದ ಶಾಪ ಮನೆ ಮೇಲೆ ಬಂದರೆ ವರ. ಇದನ್ನು ಕಂಡುಹಿಡಿದವರು ಯಾವ ಕಾಲೇಜಿಗೂ ಹೋಗಿರಲಿಲ್ಲ.

ಗವಾಕ್ಷಿಯ ಅಂಚಿನ ಕೆಲಸ ಇನ್ನೂ ಸೂಕ್ಷ್ಮ. ಕಿಂಡಿಯ ಸುತ್ತ ಗೇಣೆತ್ತರ ಕಟ್ಟೆ ಎತ್ತಬೇಕು. ಕಟ್ಟೆ ಮತ್ತು ಮಾಳಿಗೆ ಕೂಡುವ ಮೂಲೆಯಲ್ಲೇ ನೀರು ಇಳಿಯುತ್ತದೆ, ಅಲ್ಲಿ ಗಚ್ಚು ಹಾಕಬೇಕು. ಮೇಲೆ ಒಂದು ಪರಸಿ, ಇಲ್ಲವೇ ತಳ ಒಡೆದ ಹಳೇ ಗಡಿಗೆ ಬೋರಲು. ಮೋಡ ಕಟ್ಟಿದರೆ ಮನೆಯೊಳಗಿಂದ ಕೂಗು: ‘ಏ ತಮ್ಮಾ, ಮಳಿ ಬಂತು, ಗವಾಕ್ಷಿ ಮುಚ್ಚು!’ ಮಾಳಿಗೆಗೆ ಓಡುವುದು ಹುಡುಗರ ಕೆಲಸ. ಮುಚ್ಚಿದ ಮೇಲೆ ಒಳಗೆ ಹೊಗೆ ತುಂಬಿ ಕೆಮ್ಮು. ಅದು ಹೆಂಗಸರ ಪಾಲು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೇ ಮನೆಯ ಬಗ್ಗೆ ಬರೆಯುವವರು ತಂಪು, ಮಣ್ಣಿನ ವಾಸನೆ ಅಂತ ಹೊಗಳಿ ಮುಗಿಸಿಬಿಡ್ತಾರೆ. ಗವಾಕ್ಷಿ ಬರೀ ಕಿಂಡಿ, ಕೊಳವೆ ಅಲ್ಲ. ಹೊಗೆಯನ್ನು ಎಳೆಯುವ ಶಕ್ತಿ ಬರುವುದು ಕೊಳವೆಯ ಎತ್ತರದಿಂದ ಮತ್ತು ಒಳಗೆ-ಹೊರಗಿನ ಬಿಸಿಯ ವ್ಯತ್ಯಾಸದಿಂದ. ಗೇಣೆತ್ತರದ ಕಟ್ಟೆಗೆ ಆ ಶಕ್ತಿ ಎಲ್ಲಿಂದ ಬರಬೇಕು? ತೊಗರಿ ಕಟ್ಟಿಗೆ, ಕುಳ್ಳಿನ ಹೊಗೆ ಮೊದಲು ಇಡೀ ಅಡುಗೆಮನೆ ತುಂಬಿ, ಜಂತಿಗೆ ತಾಗಿ, ಆಮೇಲೆ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಜಂತಿಗೆ ಅದರಿಂದ ಲಾಭವೇ ಆಯ್ತು. ಮಸಿ ಹತ್ತಿದ, ಸದಾ ಬೆಚ್ಚಗೆ ಒಣಗಿದ ಮರಕ್ಕೆ ಗೆದ್ದಲು, ಹುಳ, ಬೂಷ್ಟು ಸುಲಭಕ್ಕೆ ಹತ್ತಲ್ಲ. ಆಯಿಗೆ ಲಾಭ ಆಗಲಿಲ್ಲ. ಜಂತಿ ಕಾಯ್ದ ಹೊಗೆಯೇ ನಮ್ಮ ಆಯಿಯ ಎದೆ ಸುಟ್ಟಿತು. ಐವತ್ತು ವರ್ಷ ದಿನಾ ರೊಟ್ಟಿ ಬಡಿದವಳು, ಕೊನೆಗೆ ಮೂರು ಮೆಟ್ಟಿಲು ಹತ್ತೋಕೆ ಎರಡು ಸಲ ಕೂರುತ್ತಿದ್ದಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಆ ಲೆಕ್ಕ ನೋಡಿದಾಗೆಲ್ಲ ನನಗೆ ಕಾಣೋದು ಆಯಿಯ ಮುಖ.

ಕಿಂಡಿಯಿಂದ ಕೊಳವೆಗೆ ಹೋದವರ ಕತೆ ಪೂರ್ತಿ ಬರೆದಿಟ್ಟದ್ದು ಸಿಗುವುದು ಇಂಗ್ಲೆಂಡಿನಲ್ಲಿ. ಅಲ್ಲೂ ಮೊದಲು ನಮ್ಮಂಗೇ ಇತ್ತು. ಮನೆ ನಡುವೆ ಒಲೆ, ಚಾವಣಿಯಲ್ಲಿ ತೂತು. 1577ರಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ತನ್ನ ದೇಶದ ವರ್ಣನೆ ಬರೆಯುತ್ತಾ, ಊರಿನ ಮುದುಕರಿಗೆ ಈಗ ಎಲ್ಲಿ ನೋಡಿದರೂ ಚಿಮ್ನಿ ಎದ್ದಿರುವುದು ಬೆರಗಾಗಿದೆ ಅಂತ ಹೇಳುತ್ತಾನೆ. ಹೊಗೆಯಿಂದ ಮನೆಯ ಮರ ಗಟ್ಟಿಯಾಗುತ್ತದೆ, ಮನೆಯವರಿಗೂ ಅದು ಔಷಧಿ ಅಂತ ಹಿಂದಿನವರು ನಂಬಿದ್ದರು ಅಂತಲೂ ಬರೆದಿದ್ದಾನೆ. ನಮ್ಮ ಮುತ್ಯಾನೂ ಹಂಗೇ ಅಂತಿದ್ದ!

ಮುಂದೆ ಅಲ್ಲಿನ ಊರುಗಳಲ್ಲಿ ಸಾಲುಮನೆಗಳು ಬಂದವು. ಒಂದೇ ಗೋಡೆ ಎರಡು ಮನೆಗೆ, ಆ ಗೋಡೆಯ ಮೇಲೆ ಇಬ್ಬರಿಗೂ ಸೇರಿದ ಒಂದು ಇಟ್ಟಿಗೆಯ ಕಂಬ, ಕಂಬದೊಳಗೆ ಒಂದೊಂದು ಕೋಣೆಯ ಒಲೆಗೆ ಒಂದೊಂದು ಕೊಳವೆ. 1662ರಲ್ಲಿ ಸರ್ಕಾರ ಒಲೆಗೇ ತೆರಿಗೆ ಹಾಕಿತು, ವರ್ಷಕ್ಕೆ ಒಲೆಗೆ ಎರಡು ಶಿಲ್ಲಿಂಗ್. ಜನ ಶಾಪ ಹಾಕಿ ಹಾಕಿ 1689ರಲ್ಲಿ ಅದು ಹೋಯ್ತು. ಕಲ್ಲಿದ್ದಲು ಸುಡುವ ಕೊಳವೆಗೆ ಮಸಿ ಕಟ್ಟುತ್ತದೆ, ಮಸಿಗೆ ಬೆಂಕಿ ಹತ್ತುತ್ತದೆ. ಹಾಗಾಗಿ ಕೊಳವೆ ಕೆರೆಯಬೇಕು. ದೊಡ್ಡವರು ಹಿಡಿಸದ ಕೊಳವೆಯೊಳಗೆ ಸಣ್ಣ ಹುಡುಗರನ್ನು ಹತ್ತಿಸಿದರು. ಆ ಕೆಲಸದವರಿಗೆ ಒಂದು ಬಗೆಯ ಕ್ಯಾನ್ಸರ್ ಬರುತ್ತದೆ ಅಂತ 1775ರಲ್ಲೇ ಪರ್ಸಿವಲ್ ಪಾಟ್ ಎಂಬ ವೈದ್ಯ ಬರೆದ. ಕೆಲಸದಿಂದಲೇ ಕ್ಯಾನ್ಸರ್ ಬರುತ್ತದೆ ಅಂತ ಗುರುತಿಸಿದ ಮೊದಲ ಉದಾಹರಣೆ ಅದು. 1788ರಲ್ಲಿ ಎಂಟು ವರ್ಷಕ್ಕಿಂತ ಸಣ್ಣವರನ್ನು ಹತ್ತಿಸಬಾರದು ಅಂತ ಕಾನೂನು ಬಂತು, ಯಾರೂ ಪಾಲಿಸಲಿಲ್ಲ. 1875ರಲ್ಲಿ ಕೇಂಬ್ರಿಜ್ ಹತ್ತಿರದ ಒಂದು ಆಸ್ಪತ್ರೆಯ ಕೊಳವೆಯಲ್ಲಿ ಸಿಕ್ಕು ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಸತ್ತ ಮೇಲೆಯೇ ಬಿಗಿಯಾದ ಕಾನೂನು ಬಂದದ್ದು. ನಮ್ಮಲ್ಲಿ ಕಿಂಡಿಯ ಬೆಲೆ ಹೆಂಗಸರು ಕೊಟ್ಟರು, ಅವರಲ್ಲಿ ಬಡವರ ಮಕ್ಕಳೂ ಕೊಟ್ಟರು.

1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಐದು ದಿನ ಹೊಗೆಮಂಜು ಕವಿಯಿತು. ಆಗಿನ ಲೆಕ್ಕದಲ್ಲೇ ಸುಮಾರು 4000 ಜನ ಸತ್ತರು. 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು, ಹಿಂದೆಯೇ ಗ್ಯಾಸು ಬಂತು, ಒಲೆಗಳು ಆರಿದವು. ಜನ ಒಲೆಯ ಬಾಯಿಗೆ ಇಟ್ಟಿಗೆ ಕಟ್ಟಿದರು, ಮೇಲೆ ಸಿಮೆಂಟು ಮೆತ್ತಿದರು. ಸ್ವಲ್ಪ ವರ್ಷಕ್ಕೆ ಗೋಡೆಯ ಮೇಲೆ ಕಂದು ಕಲೆ ಎದ್ದಿತು. ಉರಿ ಇದ್ದಾಗ ಕೊಳವೆ ತಾನಾಗಿಯೇ ಒಣಗುತ್ತಿತ್ತು. ಉರಿ ಆರಿ, ಗಾಳಿಯೂ ನಿಂತರೆ, ಒಳಗೆ ಸೇರಿದ ತೇವಕ್ಕೆ ಹೋಗಲು ದಾರಿಯೇ ಇಲ್ಲ. ಹಳೇ ಸುಣ್ಣದ ಗಾರೆಯ ಮೇಲೆ ಸಿಮೆಂಟು ಹಾಕಿದರೆ ಇನ್ನೂ ಕಷ್ಟ. ಸಿಮೆಂಟು ಗಟ್ಟಿ, ಇಟ್ಟಿಗೆ ಮೆತ್ತಗೆ, ನೀರು ಒಳಗೇ ಉಳಿದು ಇಟ್ಟಿಗೆ ಉದುರುತ್ತದೆ. ಅದಕ್ಕೇ ಈಗ ಅಲ್ಲಿನ ಹಳೇ ಮನೆಯ ಬಲ್ಲವರು ಹೇಳೋದು ಇಷ್ಟು: ಸುಣ್ಣದ್ದನ್ನು ಸುಣ್ಣದಿಂದಲೇ ರಿಪೇರಿ ಮಾಡಿ. ಬಳಸದ ಕೊಳವೆಗೆ ಮಳೆ ಬೀಳದಂಗ ಟೊಪ್ಪಿಗೆ ಹಾಕಿ, ಆದರೆ ಕೆಳಗೂ ಮೇಲೂ ಗಾಳಿಗೆ ದಾರಿ ಬಿಡಿ.

ನಮ್ಮ ಹಳ್ಳಿಗಳ ಅಡುಗೆಮನೆಗೆ ಕೊಳವೆ ತರುವ ದೊಡ್ಡ ಪ್ರಯತ್ನ ನಡೆದದ್ದು 1980ರ ದಶಕದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯ್ತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಅವರ ಗುರಿ. ಅವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆಗೆ ಜಾಗ, ಕಡಿಮೆ ಕಟ್ಟಿಗೆ, ಹಿಂದೆ ಹೊಗೆ ಕೊಳವೆ. ಕೇಂದ್ರ ಸರ್ಕಾರವೂ ಸುಧಾರಿತ ಒಲೆಯ ಯೋಜನೆಯಲ್ಲಿ ದೇಶದ ತುಂಬ 3 ಕೋಟಿಗೂ ಹೆಚ್ಚು ಒಲೆ ಹಾಕಿಸಿತು. 2002ರಲ್ಲಿ ಆ ಯೋಜನೆ ನಿಂತುಹೋಯ್ತು. ಬಹಳ ಒಲೆಗಳು ಅಷ್ಟರಲ್ಲೇ ಮೂಲೆ ಸೇರಿದ್ದವು. ಕೊಳವೆಗೆ ಮಸಿ ಕಟ್ಟಿದರೆ ಹೊಗೆ ವಾಪಸ್ ಬರುತ್ತದೆ. ಮಾಳಿಗೆ ಕೊರೆದು ಪೈಪು ನಿಲ್ಲಿಸಿದ ಜಾಗದಲ್ಲಿ ಮಳೆ ಸೋರುತ್ತದೆ. ಒಲೆ ಹಾಕಲು ದುಡ್ಡಿತ್ತು, ಹಾಕಿದ ಮೇಲೆ ಬಂದು ನೋಡಲು ಯಾರೂ ಇರಲಿಲ್ಲ. ಮುಂದೆ ಒಡಿಶಾದ ಹಳ್ಳಿಗಳಲ್ಲಿ ಎಸ್ತರ್ ಡುಫ್ಲೋ ಮತ್ತು ಜತೆಯವರು ಇಂಥದೇ ಕೊಳವೆ ಒಲೆಗಳನ್ನು ವರ್ಷಗಟ್ಟಲೆ ನೋಡಿದರು. ಮೊದಲ ವರ್ಷ ಹೊಗೆ ಕಡಿಮೆಯಾಯ್ತು. ಆಮೇಲೆ ಒಲೆಗಳು ಕೆಟ್ಟವು, ರಿಪೇರಿ ಆಗಲಿಲ್ಲ, ಲಾಭ ಕರಗಿಹೋಯ್ತು. ಯಾವ ಮೇಸ್ತ್ರಿಯನ್ನು ಕೇಳಿದ್ದರೂ ಹೇಳುತ್ತಿದ್ದ, ಕೊಳವೆ ಅಂದ್ರೆ ಸಾಮಾನಲ್ಲ, ವರ್ಷಾ ಮಾಡುವ ಕೆಲಸ ಅಂತ.

2016ರಲ್ಲಿ ಉಜ್ವಲಾ ಬಂತು. ಗ್ಯಾಸು ಬಂದದ್ದು ಒಳ್ಳೇದೇ. ಅದರ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ಈಗಲೂ ರೊಟ್ಟಿಗೆ ಕಟ್ಟಿಗೆ ಒಲೆಯೇ ಬೇಕು ಅನ್ನುವವರು ಅದನ್ನು ಹಿತ್ತಲಿಗೆ ಒಯ್ದಿದ್ದಾರೆ. ಆದರೆ ಹೊಗೆ ಹೋಯ್ತು ಅಂತ ಜನ ಗವಾಕ್ಷಿ ಮುಚ್ಚತೊಡಗಿದರು. ಮುಚ್ಚಳದ ಪರಸಿಯ ಸುತ್ತ ಸಿಮೆಂಟು. ಮಾಳಿಗೆ ಹತ್ತುವ ಕೆಲಸ ತಪ್ಪಲಿ ಅಂತ ಇಡೀ ಮಣ್ಣಿನ ಮೇಲೂ ಸಿಮೆಂಟು. ಇಂಗ್ಲೆಂಡಿನಲ್ಲಿ ಆದದ್ದೇ ಇಲ್ಲೂ ಆಯ್ತು. ಬಿಸಿಲಿಗೆ ಸಿಮೆಂಟಿನಲ್ಲಿ ಕೂದಲೆಳೆ ಬಿರುಕು, ಬಿರುಕಿನಿಂದ ನೀರು ಮಣ್ಣಿಗೆ. ಮೇಲೂ ಕೆಳಗೂ ಆರಲು ದಾರಿ ಇಲ್ಲ. ನೀರು ಕುಡಿದ ಮಣ್ಣಿನ ಭಾರ ಜಂತಿಯ ಮೇಲೆ. ಹೊಗೆಯ ಕಾವಲು ಹೋದ ಜಂತಿಗೆ ಗೆದ್ದಲು. 2020ರ ಅಕ್ಟೋಬರಿನ ಮಳೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ಅಂಥ ಮಳೆಗೆ ಚೆನ್ನಾಗಿದ್ದ ಮನೆಯೂ ಬಿದ್ದೀತು, ನಿಜ. ಆದರೆ ಒಳಗೇ ತೇವ ಹಿಡಿದು ಕೊಳೆತ ಮಾಳಿಗೆ ಮೊದಲು ಬೀಳುತ್ತದೆ.

ಆ ಮಳೆ ಆದ ಮರುಬೇಸಿಗೆಯಲ್ಲಿ ನಮ್ಮ ಮನೆಯಲ್ಲೂ ಮಾತು ಎದ್ದಿತು. ಕಾಕಾ ಅಂದರು, ‘ಕಿಂಡಿ ಮುಚ್ಚಿ ಸಿಮೆಂಟ್ ಹೊಡದ ಬಿಡಮು, ಇಲ್ಲಾಂದ್ರ ಕೆಡವಿ ಸ್ಲ್ಯಾಬ್ ಹಾಕಮು.’ ಅವ್ವ ಏನೂ ಅನ್ನಲಿಲ್ಲ. ಮುತ್ಯಾ ಹೇಳುತ್ತಿದ್ದಂಗ ನಾನು ರೋಜಾಕ್ಕ ಹೋದೆ. ಸುಣ್ಣದ ಕೆಲಸ ಬಲ್ಲವರು ಈಗ ಕೈಬೆರಳೆಣಿಕೆ. ಎಪ್ಪತ್ತರ ಹತ್ತಿರದ ಒಬ್ಬ ಚಾಚಾ ಬಂದರು. ಮಾಳಿಗೆ ಹತ್ತುವ ಮೊದಲು ಅಡುಗೆಮನೆಗೆ ಹೋಗಿ, ಕೋಲಿನಿಂದ ಒಂದೊಂದೇ ಜಂತಿ ತಟ್ಟಿ ಸದ್ದು ಕೇಳಿದರು. ಗವಾಕ್ಷಿಯ ಕೆಳಗಿನ ಜಂತಿಗಳು ಟಣ್ ಅಂದವು. ಹೊಗೆ ಕಾಣದ ಪಡಸಾಲೆಯ ಎರಡು ಜಂತಿ ಬುಸ್ ಅಂದವು.

‘ಚಾಚಾ, ಈಗ ಹೊಗಿನೇ ಇಲ್ಲಲ್ಲ. ರೋಶನ್‌ದಾನ್ ಯಾಕ ಬೇಕು?’ ಅಂತ ಕಾಕಾ ಕೇಳಿದರು.

‘ಹೊಗಿ ಹೋಯ್ತು ಬಾಬಾ, ಮನಿ ಉಸುರು ಎಲ್ಲಿ ಹೋಯ್ತು? ಅಡಗಿ ಉಗಿ ಅದ, ಮಂದಿ ಉಸುರು ಅದ, ಗ್ವಾಡಿ ಥಂಡಿ ಅದ. ಇದೆಲ್ಲಾ ಎಲ್ಲಿಗಿ ಹೋಗ್ಬೇಕು? ಬಾಯಿ ಕಟ್ಟಿದ್ರ ಜಂತಿನೇ ಕುಡೀತದ,’ ಅಂದರು ಚಾಚಾ.

ಕೆಟ್ಟ ಜಂತಿ ಎರಡನ್ನೂ ಬದಲಿಸಿದರು. ಗವಾಕ್ಷಿಗೆ ಹೊಸ ಕಟ್ಟೆ ಎತ್ತಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ನಿಲ್ಲಿಸಿ, ಅವುಗಳ ಮೇಲೆ ಕಟ್ಟೆಗಿಂತ ಗೇಣು ಅಗಲದ ಪರಸಿ ಇಟ್ಟರು. ನಾಲ್ಕೂ ಕಡೆ ತೆರವು, ಅಲ್ಲಿಗೆ ಜಾಳಿಗೆ. ಸಾದಾ ಮಳೆ ಒಳಗೆ ಬೀಳಲ್ಲ, ಗಾಳಿ ನಿಲ್ಲಲ್ಲ, ಮಳೆ ಬಂದಾಗಲೆಲ್ಲ ಹುಡುಗರು ಓಡುವಂಗಿಲ್ಲ. ಇಂಗ್ಲೆಂಡಿನವರು ಆರಿದ ಚಿಮ್ನಿಗೆ ಹಾಕುವ ಟೊಪ್ಪಿಗೆಯ ಚಿತ್ರ ನಾನು ಆಮೇಲೆ ನೋಡಿದೆ. ಎರಡೂ ಒಂದೇ! ಚಾಚಾ ಆ ಚಿತ್ರ ನೋಡಿದವರಲ್ಲ, ಅವರು ಚಾಚಾನ ಕೆಲಸ ನೋಡಿದವರಲ್ಲ. ಸಮಸ್ಯೆ ಒಂದೇ ಇದ್ದಾಗ ಕೈಗಳು ಒಂದೇ ಕಡೆ ಹೋಗುತ್ತವೆ.

ಕಾಕಾಗೆ ಈಗಲೂ ಪೂರಾ ಸಮಾಧಾನ ಇಲ್ಲ. ಸ್ಲ್ಯಾಬ್ ಆಗಿದ್ದರೆ ವರ್ಷಾ ಮಾಳಿಗೆ ಹತ್ತೋದು ತಪ್ಪುತ್ತಿತ್ತು ಅಂತಾರೆ. ಅದೂ ಖರೇನೇ. ಹಳೇ ಮನೆ ಉಳಿಸೋದು ಅಂದ್ರೆ ವರ್ಷಕ್ಕೆ ಒಂದು ವಾರ ದುಡಿಯೋಕೆ ಮೈ ಬೇಕು, ಇಲ್ಲಾ ದುಡಿಯುವವರಿಗೆ ಕೊಡೋಕೆ ದುಡ್ಡು ಬೇಕು. ಎರಡೂ ಇಲ್ಲದವರಿಗೆ ಪರಂಪರೆ ಉಳಿಸ್ರಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಉಳಿಸಬೇಕು ಅಂತ ಮನಸ್ಸಿದ್ದವರು ಕಿಂಡಿಗೆ ಮಾತ್ರ ಸಿಮೆಂಟು ಹಾಕಬ್ಯಾಡ್ರಿ ಅಂತೀನಿ.

ಚಾಚಾನ ಮಗ ಅಲ್ಯೂಮಿನಿಯಂ ಕಿಟಕಿ ಕೆಲಸಕ್ಕೆ ಹೋಗುತ್ತಾನೆ, ಸುಣ್ಣ ಮುಟ್ಟಿಲ್ಲ. ಆದ್ದರಿಂದ ಅವರು ಹೇಳಿದ್ದನ್ನು ಬರೆದು ಮುಗಿಸ್ತೀನಿ, ಯಾರಿಗಾದರೂ ಬೇಕಾದೀತು. ಒಂದು ಪಾಲು ನೆನೆಸಿ ಇಟ್ಟ ಸುಣ್ಣ, ಮೂರು ಪಾಲು ತೊಳೆದ ಉಸುಕು, ನಾದುವಾಗ ಸ್ವಲ್ಪ ಬೆಲ್ಲದ ನೀರು. ಕಟ್ಟೆಯ ಬುಡದಲ್ಲಿ ಹಳೇದನ್ನು ಗಟ್ಟಿ ಸಿಗುವತನಕ ಕೆರೆದು, ಧೂಳು ತೆಗೆದು, ನೀರು ಕುಡಿಸಿ, ಆಮೇಲೆ ಗಚ್ಚು. ಮೂಲೆ ಚೌಕ ಬಿಡಬಾರದು, ಹೆಬ್ಬೆರಳು ಎಳೆದಂಗ ಗುಂಡಗೆ ಇರಬೇಕು. ಒದ್ದೆ ಗೋಣಿತಟ್ಟು ಹೊಚ್ಚಿ ಒಂದು ವಾರ ಬಿಸಿಲಿಗೆ ಬಿಡಬಾರದು. ಮತ್ತೆ ಮುಂದಿನ ವರ್ಷ, ಮಿರಗ ಕೂಡೋದ್ರೊಳಗ, ಒಮ್ಮೆ ಹತ್ತಿ ನೋಡಬೇಕು.